ಗರಡಿಮನೆಯ ಎರಡು ಹೊತ್ತು

ಇಂಥ ಗಾಯಕ ಇಂಥವರ ಗರಡಿಯಲ್ಲಿ ಪಳಗಿದವನು ಎಂದರೆ ಕನ್ನಡಿಗರಿಗೆ ಬೇರೆ ವಿವರಣೆ ಬೇಕಾಗುವುದಿಲ್ಲ. ರಂಗನಟರಿಗೂ ಪತ್ರಕರ್ತರಿಗೂ ರಾಜಕಾರಣಿಗಳಿಗೂ ಒಂದೊಂದು ಗರಡಿ ಇದ್ದೇ ಇರುತ್ತದೆ. ಕುಸ್ತಿ ಕಲಿಸುವ ಮಣ್ಣಿನ ಮನೆಯೊಂದು ಎಲ್ಲ ವಿದ್ಯೆಗಳಿಗೂ ಹೆಸರು ಕೊಟ್ಟಿತೆಂದರೆ ಅದು ನಾಡಿನ ಬದುಕಿನಲ್ಲಿ ಎಷ್ಟು ಆಳಕ್ಕೆ ಇಳಿದಿತ್ತು ಎಂದು ಊಹಿಸಬಹುದು. ಆದರೆ ಈ ನುಡಿಗಟ್ಟು ಒಂದು ಸಂಗತಿಯನ್ನು ಮಾತ್ರ ಹೇಳುವುದಿಲ್ಲ. ಪಳಗುವ ಹುಡುಗನ ದಿನದಲ್ಲಿ ಗರಡಿಯ ಪಾಲು ಎಷ್ಟು, ಮನೆಯ ಪಾಲು ಎಷ್ಟು, ಶಾಲೆಯ ಪಾಲು ಎಷ್ಟು?

ಈ ಪ್ರಶ್ನೆಯನ್ನು ಕೇಳಲು ದಾವಣಗೆರೆಗಿಂತ ತಕ್ಕ ಊರು ಸಿಗುವುದು ಕಷ್ಟ. ಬೆಣ್ಣೆದೋಸೆ, ಮಂಡಕ್ಕಿ, ಹತ್ತಿ ಗಿರಣಿಗಳ ಹೆಸರಿನಲ್ಲಿ ಹೊರಗಿನವರಿಗೆ ಪರಿಚಿತವಾದ ಈ ನಗರದ ಹಳೆಯ ಪೇಟೆಯಲ್ಲಿ ಕುಸ್ತಿಯ ನಂಟು ಹಳತು. ಊರದೇವತೆ ದುರ್ಗಾಂಬಿಕೆಯ ಜಾತ್ರೆ ಎರಡು ವರ್ಷಕ್ಕೊಮ್ಮೆ ಬಂದಾಗ ಬಯಲು ಕುಸ್ತಿ ಇಲ್ಲದೆ ಅದು ಮುಗಿಯುವುದಿಲ್ಲ. ಪಕ್ಕದ ಹರಿಹರದ ಊರಮ್ಮನ ಹಬ್ಬದಲ್ಲೂ ಹಾಗೆಯೇ. ಮಧ್ಯ ಕರ್ನಾಟಕದ ಈ ಜೋಡಿ ಊರುಗಳಿಗೆ ಕುಸ್ತಿ ಎರಡು ಕಡೆಯಿಂದ ಹರಿದುಬಂದಿದೆ ಎನ್ನಬಹುದು. ಬ್ರಿಟಿಷರ ಕಾಲದಲ್ಲಿ ಹರಿಹರದ ಬಳಿ ತುಂಗಭದ್ರೆಯೇ ಗಡಿ. ಈ ದಡ ಮೈಸೂರು ಸಂಸ್ಥಾನ, ಆ ದಡ ಮುಂಬಯಿ ಪ್ರಾಂತ್ಯದ ಧಾರವಾಡ ಜಿಲ್ಲೆ. ದಕ್ಷಿಣದಲ್ಲಿ ಅರಮನೆಯ ಆಶ್ರಯದ ಮೈಸೂರಿನ ಗರಡಿಗಳು, ಉತ್ತರದಲ್ಲಿ ಕೊಲ್ಲಾಪುರದ ಕಡೆಗೆ ಮುಖ ಮಾಡಿದ ಅಖಾಡಗಳು. ಇಲ್ಲಿನ ಪೈಲ್ವಾನರು ಗುರುವನ್ನು ವಸ್ತಾದ ಎಂದು ಕರೆಯುವುದು ಉತ್ತರದ ರೂಢಿ. ವ್ಯಾಯಾಮಕ್ಕೆ ಸಾಮು ಎನ್ನುವುದು ಹಳೆಯ ಕನ್ನಡ ರೂಢಿ.

ದಾವಣಗೆರೆ ಅರಮನೆಯ ಊರಲ್ಲ. ಹೈದರಾಲಿ ಇದನ್ನು ಅಪ್ಪೋಜಿರಾಮ ಎಂಬ ಮರಾಠಾ ಸರದಾರನಿಗೆ ಜಹಗೀರಾಗಿ ಕೊಟ್ಟ. ಆತ ವರ್ತಕರನ್ನು ಕರೆತಂದು ನೆಲೆಗೊಳಿಸಿದ. ಮುಂದೆ 20ನೆಯ ಶತಮಾನದಲ್ಲಿ ಹತ್ತಿ ಗಿರಣಿಗಳು ಎದ್ದವು. 1941ರಲ್ಲಿ ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಬಂತು. ಹಾಗಾಗಿ ಇಲ್ಲಿ ಗರಡಿಗೆ ಬರುತ್ತಿದ್ದವರು ರಾಜನ ಅನ್ನ ಉಣ್ಣುವ ಮಲ್ಲರಲ್ಲ. ಹಮಾಲಿ, ನೇಕಾರಿಕೆ, ಒಕ್ಕಲುತನ, ಅಂಗಡಿ, ಗಿರಣಿಯ ಪಾಳಿ ಇವುಗಳಿಂದ ಬದುಕುವ ಮನೆಗಳ ಮಕ್ಕಳು. ಅವರ ಸಾಮು ಕೆಲಸದ ಹೊತ್ತಿನ ಆಚೆ ಈಚೆ ನಡೆಯಬೇಕಿತ್ತು. ಬೆಳಕು ಹರಿಯುವ ಮುನ್ನ ಒಂದು ಹೊತ್ತು, ದೀಪ ಹಚ್ಚುವಾಗ ಇನ್ನೊಂದು ಹೊತ್ತು. ನಡುವಿನ ಹಗಲು ಮನೆಯದು.

ಸಾಂಪ್ರದಾಯಿಕ ಗರಡಿಮನೆಯ ರಚನೆಯೇ ಈ ಎರಡು ಹೊತ್ತಿನ ಲೆಕ್ಕಕ್ಕೆ ಒಗ್ಗುವಂಥದು. ತಗ್ಗು ಬಾಗಿಲು, ಸಣ್ಣ ಕಿಟಕಿ, ಒಳಗೆ ಆಂಜನೇಯನ ಪಟ, ಗೋಡೆಗೆ ಒರಗಿಸಿದ ಗದೆಗಳು, ಮೂಲೆಯಲ್ಲಿ ಎತ್ತುವ ಕಲ್ಲುಗುಂಡು. ನಡುವೆ ಅರಿಶಿನ, ಎಣ್ಣೆ, ಮಜ್ಜಿಗೆ, ಕರ್ಪೂರ ಬೆರೆಸಿ ಹದಗೊಳಿಸಿದ ಕೆಮ್ಮಣ್ಣು. ದಂಡ ಬಸ್ಕಿ ಮುಗಿಸಿ, ಮಣ್ಣನ್ನು ಅಗೆದು ಸಡಿಲಗೊಳಿಸಿ, ಹಿರಿಯರೊಂದಿಗೆ ಜೋಡಿ ಹಿಡಿದು, ಕೊನೆಗೆ ಮೈಗೆ ಮಣ್ಣು ತಿಕ್ಕಿಕೊಂಡು ಬೆವರಾರಿಸಿಕೊಂಡರೆ ಬೆಳಗಿನ ಪಾಠ ಮುಗಿಯಿತು. ಮಣ್ಣು ಅಗೆಯುವ ಕೆಲಸ ಕಿರಿಯರದೇ. ಅದೂ ವ್ಯಾಯಾಮ ಎಂದು ಹಿರಿಯರ ಸಮರ್ಥನೆ!

ಗರಡಿಯಲ್ಲಿ ಹಾಜರಿ ಪುಸ್ತಕವಿಲ್ಲ. ವಸ್ತಾದನಿಗೆ ಸಂಬಳವೂ ಇಲ್ಲ, ಶಿಷ್ಯನಿಗೆ ಶುಲ್ಕವೂ ಇಲ್ಲ. ಗುರುವಿಗೆ ಕಾಯಿ, ಹಣ್ಣು, ಎಲೆಅಡಿಕೆ ಸಲ್ಲಿಸಿದರೆ ಸೇರಿದಂತೆ. ಆದರೆ ತಪ್ಪಿಸಿಕೊಂಡದ್ದು ಗೊತ್ತಾಗದೆ ಇರುತ್ತಿರಲಿಲ್ಲ. ಜೋಡಿಯ ಹುಡುಗ ಒಂಟಿಯಾಗಿ ನಿಂತಿರುತ್ತಾನೆ, ವಾರ ಬಿಟ್ಟು ಬಂದವನಿಗೆ ಮಣ್ಣಿನಲ್ಲಿ ಉಸಿರು ಕಟ್ಟುತ್ತದೆ. ಸುಗ್ಗಿ, ಬಿತ್ತನೆ, ಮನೆಯಲ್ಲಿ ಸಾವು, ಮದುವೆ ಇಂಥ ಕಾರಣಗಳಿಗೆ ಯಾರೂ ವಿವರಣೆ ಕೇಳುತ್ತಿರಲಿಲ್ಲ. ಏಕೆಂದರೆ ವಸ್ತಾದನ ಹೊಲದಲ್ಲೂ ಅದೇ ಸುಗ್ಗಿ. ಕಣದ ಕೆಲಸ ಮುಗಿದ ಮೇಲೆ ಜಾತ್ರೆಗಳು, ಜಾತ್ರೆಗಳಲ್ಲಿ ಕುಸ್ತಿ. ಕುಸ್ತಿಯ ಪಂಚಾಂಗ ಊರಿನ ಪಂಚಾಂಗವನ್ನೇ ಅನುಸರಿಸುತ್ತಿತ್ತು.

ಇದನ್ನು ಬಡವರ ಸಾಮು ಎಂದು ಕರೆದರೆ, ಅದಕ್ಕೆ ಎದುರಾಗಿ ರಾಜರ ಸಾಮು ಎಂಬುದೊಂದಿತ್ತು. ಅದರ ಹಳೆಯ ದಾಖಲೆ ಕರ್ನಾಟಕದ್ದೇ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೆಯ ಶತಮಾನದ ಮೊದಲರ್ಧದಲ್ಲಿ ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಮಲ್ಲವಿನೋದಕ್ಕೆ ಒಂದು ಅಧ್ಯಾಯವೇ ಇದೆ. ಆಗ ದಾವಣಗೆರೆ ಸೀಮೆಯನ್ನು ಉಚ್ಚಂಗಿಯ ಪಾಂಡ್ಯರು ಚಾಲುಕ್ಯರ ಸಾಮಂತರಾಗಿ ಆಳುತ್ತಿದ್ದರು. ಮಲ್ಲರನ್ನು ವಯಸ್ಸು, ಮೈಕಟ್ಟು, ಬಲಗಳಿಗೆ ತಕ್ಕಂತೆ ವಿಂಗಡಿಸಬೇಕು ಎನ್ನುತ್ತದೆ ಈ ಗ್ರಂಥ. ಯಾವ ಯಾವ ಶ್ರಮಗಳನ್ನು ಮಾಡಿಸಬೇಕು ಎಂದು ಹೆಸರಿಸುತ್ತದೆ: ಭಾರ ಎತ್ತುವುದು, ನಡೆದಾಡುವುದು, ನೀರಿನಲ್ಲಿ ಈಸುವುದು, ಕಂಬದ ಮೇಲೆ ಕಸರತ್ತು. ಈ ಕಂಬವೇ ಇಂದಿನ ಮಲ್ಲಕಂಬದ ಪೂರ್ವಜ ಎನ್ನುತ್ತಾರೆ. ಗದಗ ಜಿಲ್ಲೆಯ ಲಕ್ಷ್ಮೇಶ್ವರದಲ್ಲಿ ಮಕ್ಕಳು ಕಂಬದ ತುದಿಯಲ್ಲಿ ತಲೆಕೆಳಗಾಗಿ ನಿಲ್ಲುವುದನ್ನು ಕಂಡವರಿಗೆ ಒಲಿಂಪಿಕ್‌ನ ಜಿಮ್ನಾಸ್ಟಿಕ್ಸ್ ನೆನಪಾಗದೆ ಇರದು.

‘ಮಾನಸೋಲ್ಲಾಸ’ದ ಮಲ್ಲನಿಗೆ ಬೇಳೆ, ಮಾಂಸ, ಹಾಲು, ಸಕ್ಕರೆ, ಉತ್ತಮ ಸಿಹಿ ತಿನಿಸುಗಳನ್ನು ಒದಗಿಸುವುದು ದೊರೆಯ ಹೊಣೆ. ಪ್ರತಿಯಾಗಿ ಮಲ್ಲ ಕೊಡಬೇಕಾದದ್ದು ಇಡೀ ದಿನವನ್ನು. ಅರಮನೆಯ ಹೆಂಗಸರಿಂದ ಅವನನ್ನು ದೂರ ಇಡಲಾಗುತ್ತಿತ್ತು. ಮೈ ಬೆಳೆಸುವುದೇ ಅವನ ಉದ್ಯೋಗ. ಇಂದಿನ ಮಾತಿನಲ್ಲಿ ಹೇಳುವುದಾದರೆ ಇದು ಪೂರ್ಣಾವಧಿ ತರಬೇತಿ ಶಿಬಿರ. ಒಂದು ವ್ಯತ್ಯಾಸವಿದೆ. ಆ ಶಿಬಿರದಲ್ಲಿ ಅನ್ನ ಹಾಕುವವನು ಯಾರು ಎಂಬ ಬಗ್ಗೆ ಅನುಮಾನವಿರಲಿಲ್ಲ.

ಕುತೂಹಲದ ಸಂಗತಿಯೆಂದರೆ, ರಾಜರಲ್ಲೇ ಒಬ್ಬ ಬಡವರ ಸಾಮಿನ ವೇಳೆಯನ್ನು ಪಾಲಿಸಿದ್ದ. ಹರಿಹರವನ್ನು ದಾಟಿ ಹರಿವ ತುಂಗಭದ್ರೆ ಮುಂದೆ ಹಂಪೆಯನ್ನು ಸೇರುತ್ತದೆ. ಅಲ್ಲಿಗೆ 1520ರ ಸುಮಾರಿಗೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಯಸ್ ಕೃಷ್ಣದೇವರಾಯನ ದಿನಚರಿಯನ್ನು ಬರೆದಿಟ್ಟಿದ್ದಾನೆ. ದೊರೆ ನಸುಕಿಗೆ ಮುಂಚೆ ಎದ್ದು ಎಳ್ಳೆಣ್ಣೆ ಕುಡಿದು, ಮೈಗೂ ಎಣ್ಣೆ ತಿಕ್ಕಿಸಿಕೊಂಡು, ಮಣ್ಣಿನಿಂದ ಮಾಡಿದ ಭಾರಗಳನ್ನು ಎತ್ತುತ್ತಾನೆ. ಎಣ್ಣೆಯೆಲ್ಲ ಬೆವರಾಗಿ ಹೋಗುವ ತನಕ ಕತ್ತಿ ವರಸೆ, ಆಮೇಲೆ ತನ್ನ ಮಲ್ಲನೊಬ್ಬನ ಜೊತೆ ಕುಸ್ತಿ, ನಂತರ ಕುದುರೆ ಸವಾರಿ. ಇಷ್ಟೂ ಮುಗಿಯುವುದು ಬೆಳಗಾಗುವುದರೊಳಗೆ. ಸ್ನಾನ, ಪೂಜೆಯ ಬಳಿಕ ರಾಜ್ಯದ ಕೆಲಸ. ಮುಂದೆ ಬಂದ ನೂನಿಜ್ ಉತ್ಸವಗಳಲ್ಲಿ ಸೆಣಸುವ ಸಾವಿರ ಮಲ್ಲರ ಬಗ್ಗೆ ಹೇಳುತ್ತಾನೆ. ಆ ಸಾವಿರ ಮಂದಿಗೆ ಸಾಮೇ ಜೀವನ; ಅವರನ್ನು ಸಾಕಿದವನಿಗೆ ಅದು ಬೆಳಗಿನ ಒಂದು ಹೊತ್ತು.

ಹೀಗೆ ಎರಡು ಮಾದರಿಗಳು ನಮ್ಮಲ್ಲಿ ಬಹುಕಾಲ ಜೊತೆಯಾಗಿದ್ದವು. ಮೈಸೂರಿನ ಜೆಟ್ಟಿಗಳು ಇವೆರಡರ ನಡುವೆ ನಿಲ್ಲುವವರು. ವಿಜಯದಶಮಿಯಂದು ಅರಮನೆಯ ಅಂಗಳದಲ್ಲಿ ವಜ್ರಮುಷ್ಟಿ ಕಾಳಗಕ್ಕೆ ಇಳಿಯುವ ಈ ಮನೆತನಗಳವರು, ಹಿಂದೆ ಮುರಿದ ಮೂಳೆ ಕೂಡಿಸುವ ವೈದ್ಯಕ್ಕೂ ಹೆಸರಾಗಿದ್ದರು. ಕಾಳಗ ಮೊದಲ ರಕ್ತ ಚಿಮ್ಮಿದೊಡನೆ ಮುಗಿಯುತ್ತದೆ, ಮರುದಿನ ಬದುಕು ತನ್ನ ದಾರಿ ಹಿಡಿಯುತ್ತದೆ.

ಯುರೋಪಿನಲ್ಲೂ ಕಥೆ ಬಿಡುವಿನ ವೇಳೆಯಿಂದಲೇ ಆರಂಭವಾಯಿತು. ಜಿಮ್ನಾಸ್ಟಿಕ್ಸ್‌ನ ಪಿತಾಮಹರಲ್ಲಿ ಒಬ್ಬನೆನಿಸಿದ ಫ್ರೀಡ್ರಿಕ್ ಲುಡ್ವಿಗ್ ಯಾನ್ ಬರ್ಲಿನ್‌ನ ಶಾಲಾ ಮೇಷ್ಟ್ರು. 1811ರಲ್ಲಿ ಆತ ಊರಾಚೆಯ ಹಾಸೆನ್‌ಹೈಡೆ ಬಯಲಿನಲ್ಲಿ ಕಸರತ್ತಿನ ಅಂಗಣ ತೆರೆದ. ಹುಡುಗರನ್ನು ಕರೆದೊಯ್ಯುತ್ತಿದ್ದದ್ದು ಬುಧವಾರ ಮತ್ತು ಶನಿವಾರದ ಮಧ್ಯಾಹ್ನ, ಪಾಠವಿಲ್ಲದ ಹೊತ್ತಿನಲ್ಲಿ. ವಾರಕ್ಕೆ ಎರಡು ಮಧ್ಯಾಹ್ನದ ಆ ಆಟ ಒಂದೂವರೆ ಶತಮಾನದಲ್ಲಿ ಎಲ್ಲಿಗೆ ಬಂದು ನಿಂತಿತು ಎಂಬುದನ್ನು ಜಗತ್ತು ನೋಡಿದ್ದು 1976ರ ಮಾಂಟ್ರಿಯಲ್ ಒಲಿಂಪಿಕ್‌ನಲ್ಲಿ. ರುಮೇನಿಯಾದ 14 ವರ್ಷದ ನಾದಿಯಾ ಕೊಮನೇಚಿ ಹತ್ತಕ್ಕೆ ಹತ್ತು ಅಂಕ ಪಡೆದಳು. ಅಂಥ ಅಂಕ ಬಂದೀತೆಂದು ಎಣಿಸಿರದ ಫಲಕ 1.00 ಎಂದು ತೋರಿಸಿತು. ಆರು ವರ್ಷದ ಆಸುಪಾಸಿನಲ್ಲೇ ಆಕೆ ತರಬೇತಿ ಆರಂಭಿಸಿದ್ದಳು. ಸರ್ಕಾರವೇ ಸಾಕುವ, ಇಡೀ ದಿನವನ್ನು ಕೇಳುವ ಆ ವ್ಯವಸ್ಥೆಯನ್ನು ಕಂಡಿದ್ದರೆ ಸೋಮೇಶ್ವರನಿಗೆ ಹೊಸತೇನೂ ಅನ್ನಿಸುತ್ತಿರಲಿಲ್ಲ. ಆದರೆ ಅವನ ಗ್ರಂಥದಲ್ಲಿ ಇದ್ದವರು ಮಲ್ಲರು. ಇಲ್ಲಿದ್ದವರು ಹಾಲುಹಲ್ಲು ಬೀಳುತ್ತಿದ್ದ ಮಕ್ಕಳು.

ಅಂತರರಾಷ್ಟ್ರೀಯ ಜಿಮ್ನಾಸ್ಟಿಕ್ಸ್ ಒಕ್ಕೂಟ ಹಿರಿಯರ ಸ್ಪರ್ಧೆಗೆ ಮಹಿಳೆಯರ ಕನಿಷ್ಠ ವಯಸ್ಸನ್ನು 1981ರಲ್ಲಿ 15ಕ್ಕೂ 1997ರಲ್ಲಿ 16ಕ್ಕೂ ಏರಿಸಿತು. ಸ್ಪರ್ಧೆಯ ವಯಸ್ಸು ಏರಿತೇ ಹೊರತು ಅಭ್ಯಾಸ ಆರಂಭಿಸುವ ವಯಸ್ಸು ಏರಲಿಲ್ಲ. ಬ್ರಿಟನ್ನಿನಲ್ಲಿ ಆನ್ ವೈಟ್ ಎಂಬ ವಕೀಲೆ ನಡೆಸಿದ ವಿಚಾರಣೆಯ ವರದಿ 2022ರಲ್ಲಿ ಹೊರಬಂದಾಗ, ಗಾಯಗೊಂಡ ಮಕ್ಕಳಿಂದಲೂ ಅಭ್ಯಾಸ ಮಾಡಿಸಿದ, ನೀರು, ಅನ್ನ, ಶೌಚಕ್ಕೂ ತಡೆ ಹಾಕಿದ ಪ್ರಸಂಗಗಳು ದಾಖಲಾದವು. ಅಂಥ ಕಡೆ ಒಂದು ದಿನ ತಪ್ಪಿಸುವ ಧೈರ್ಯ ಯಾವ ಮಗುವಿಗೆ ಬಂದೀತು?

ದೂರದ ದೇಶಗಳನ್ನು ದೂರುವ ಮುನ್ನ ಮೈಸೂರಿನ ಒಂದು ಪ್ರಸಂಗವನ್ನು ನೆನೆಯಬೇಕು. 1930ರ ದಶಕದಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ಜಗನ್ಮೋಹನ ಅರಮನೆಯಲ್ಲಿ ಯೋಗಶಾಲೆಯೊಂದು ನಡೆಯುತ್ತಿತ್ತು. ಗುರು ತಿರುಮಲೈ ಕೃಷ್ಣಮಾಚಾರ್ಯರು. 1934ರಲ್ಲಿ ಅವರ ಮನೆಗೆ ಬಂದು ಸೇರಿದವನು ಕೋಲಾರ ಸೀಮೆಯ ಬೆಳ್ಳೂರಿನ ಹುಡುಗ, ಗುರುಪತ್ನಿಯ ತಮ್ಮ. ಮಲೇರಿಯಾ, ಟೈಫಾಯಿಡ್, ಕ್ಷಯಗಳಿಂದ ಬಳಲಿ ಸೊರಗಿದ್ದ ದೇಹ. ಮನೆಗೆಲಸ, ಶಾಲೆ, ಆಸನಗಳ ಅಭ್ಯಾಸ ಮೂರನ್ನೂ ಅವನು ಹೊರಬೇಕಿತ್ತು. ಅತಿಥಿಗಳು ಬಂದಾಗ ಪ್ರದರ್ಶನ ಕೊಡಬೇಕಿತ್ತು. ಹೀಗೊಮ್ಮೆ ಗಣ್ಯರ ಮುಂದೆ, ಎಂದೂ ಅಭ್ಯಾಸ ಮಾಡಿರದ ಹನುಮಾನಾಸನವನ್ನು ಗುರುವಿನ ಆಜ್ಞೆಯಂತೆ ಮಾಡಲು ಹೋಗಿ ತೊಡೆಯ ಹಿಂಭಾಗದ ಸ್ನಾಯು ಹರಿಯಿತು ಎಂದು ಆತನೇ ಮುಂದೆ ಹೇಳಿಕೊಂಡಿದ್ದುಂಟು. ಮೆಟ್ರಿಕ್ಯುಲೇಷನ್ ಪರೀಕ್ಷೆಯಲ್ಲಿ ಅನುತ್ತೀರ್ಣನಾದ ಮೇಲೆ ಶಾಲೆಯ ದಾರಿ ಅಲ್ಲಿಗೇ ಮುಗಿಯಿತು.

ಆ ಹುಡುಗ ಬಿ.ಕೆ.ಎಸ್. ಅಯ್ಯಂಗಾರ್. 1937ರಲ್ಲಿ ಪುಣೆಗೆ ಹೋಗಿ, ಮುಂದೆ ಜಗತ್ತಿಗೇ ಯೋಗಗುರುವಾದದ್ದು ಎಲ್ಲರೂ ಬಲ್ಲ ಕಥೆ. ಹಾಗಾದ್ದರಿಂದ ಶಾಲೆ ತಪ್ಪಿದ್ದು ಲಾಭವೇ ಆಯಿತಲ್ಲ ಎನ್ನುವವರಿದ್ದಾರೆ. ಆದರೆ ಅದೇ ಯೋಗಶಾಲೆಯಲ್ಲಿ ಅಭ್ಯಾಸ ಮಾಡಿದ ಇತರ ಹುಡುಗರಲ್ಲಿ ಎಷ್ಟು ಮಂದಿಯ ಹೆಸರನ್ನು ನಾವು ಬಲ್ಲೆವು? ಗೆದ್ದವನೊಬ್ಬನ ಬದುಕನ್ನು ಮುಂದಿಟ್ಟುಕೊಂಡು ಉಳಿದವರ ಲೆಕ್ಕ ಬಿಡುವುದು ಕ್ರೀಡೆಯ ಚರಿತ್ರೆಯಲ್ಲಿ ಪದೇ ಪದೇ ನಡೆಯುವ ತಪ್ಪು.

ಅದೇ ಕಾಲದ ಬೆಂಗಳೂರಿನಲ್ಲಿ ಇನ್ನೊಂದು ಬಗೆಯ ವ್ಯಾಯಾಮಶಾಲೆಯೂ ಇತ್ತು. ಅದನ್ನು ಕಟ್ಟಿದ ಕೆ.ವಿ. ಅಯ್ಯರ್ ಅಂಗಸಾಧನೆಯಲ್ಲಿ ಹೊರದೇಶಗಳಲ್ಲೂ ಹೆಸರು ಪಡೆದವರು. ‘ಶಾಂತಲಾ’, ‘ರೂಪದರ್ಶಿ’ ಕಾದಂಬರಿಗಳನ್ನು ಬರೆದವರೂ ಅವರೇ. ಕೈಲಾಸಂ ಅವರ ಒಡನಾಡಿ. ಭಾರ ಎತ್ತುವ ಕೈಯಲ್ಲಿ ಲೇಖನಿಗೂ ಬಿಡುವು ಸಿಕ್ಕಿತ್ತು. ಎಲ್ಲರೂ ಕೆ.ವಿ. ಅಯ್ಯರ್ ಆಗಲಾರರು, ನಿಜ. ಆದರೆ ಸಂಜೆಯ ಸಾಮು ಮುಗಿಸಿ ಮನೆಗೆ ಹೋಗುವ ವ್ಯವಸ್ಥೆಯಲ್ಲಿ ಮಾತ್ರ ಇಂಥದು ಸಾಧ್ಯ.

ಸ್ವಾತಂತ್ರ್ಯಾನಂತರ ಅರಮನೆಗಳ ಆಶ್ರಯ ಕಳಚಿತು. ಆ ಜಾಗಕ್ಕೆ ಬಂದದ್ದು ಸರ್ಕಾರದ ಕ್ರೀಡಾ ವಸತಿ ನಿಲಯ. ದಾವಣಗೆರೆಯಲ್ಲಿ ಕುಸ್ತಿಗೆಂದೇ ಅಂಥದೊಂದು ನಿಲಯವಿದೆ. ಆಯ್ಕೆಯಾದ ಹುಡುಗರಿಗೆ ಊಟ, ವಸತಿ, ತರಬೇತಿ, ಹಗಲಿನಲ್ಲಿ ಶಾಲೆ. ಮಣ್ಣಿನ ಬದಲು ಮ್ಯಾಟ್, ವಸ್ತಾದನ ಬದಲು ಕೋಚ್. ಬಡ ಮನೆಯ ಹುಡುಗನಿಗೆ ಇದು ಚಿಕ್ಕ ಅನುಕೂಲವಲ್ಲ. ಹಾಲು, ಬಾದಾಮಿ, ತುಪ್ಪಕ್ಕೆ ಖರ್ಚು ಮಾಡಲಾಗದೆ ಮಗನನ್ನು ಗರಡಿ ಬಿಡಿಸಿದ ಮನೆಗಳು ಈ ಸೀಮೆಯಲ್ಲಿ ಕಡಿಮೆಯೇನಲ್ಲ. ಸೋಮೇಶ್ವರ ಹೊತ್ತಿದ್ದ ಹೊಣೆಯನ್ನು ಇಲಾಖೆ ಹೊತ್ತಿದೆ ಎಂದೇ ಹೇಳಬೇಕು.

ಆದರೆ ಸೋಮೇಶ್ವರನ ಮಲ್ಲ ಪರೀಕ್ಷೆ ಬರೆಯಬೇಕಿರಲಿಲ್ಲ. ಇಂದಿನ ಹುಡುಗನ ಮೇಲೆ ಎರಡು ಹಾಜರಿಗಳ ಭಾರವಿದೆ. ಪರೀಕ್ಷೆಗೆ ಕೂರಬೇಕಾದರೆ ಶೇ 75ರಷ್ಟು ಹಾಜರಿ ಬೇಕೆಂದು ಶಾಲೆ, ಕಾಲೇಜುಗಳು ಹೇಳುತ್ತವೆ. ಪಂದ್ಯಾವಳಿಗೆ ಹೋದ ದಿನಗಳಿಗೆ ರಿಯಾಯಿತಿ ಸಿಕ್ಕರೂ ಆ ದಿನ ಮಾಡಿದ ಗಣಿತದ ಪಾಠ ಯಾರಿಂದಲೂ ಸಿಗುವುದಿಲ್ಲ. ಮುಂಜಾವದ ಅಭ್ಯಾಸದಲ್ಲಿ ದಣಿದು ತರಗತಿಯಲ್ಲಿ ತೂಕಡಿಸುವವನು ಪುಸ್ತಕದ ಪ್ರಕಾರ ಹಾಜರು. ಹಳೆಯ ಗರಡಿಯ ಹುಡುಗನೂ ಹಗಲಿನಲ್ಲಿ ದುಡಿಯುತ್ತಿದ್ದ. ಆದರೆ ಅವನ ದುಡಿಮೆ ಮತ್ತು ಸಾಮು ಎರಡೂ ಒಂದೇ ಮೈಯ ಕೆಲಸ. ಮೂಟೆ ಹೊರುವವನಿಗೆ ಬಸ್ಕಿ ಹೊಡೆಯುವುದು ಅಷ್ಟೇನೂ ಪರಕೀಯವಲ್ಲ. ಓದು ಮಾತ್ರ ಬೇರೆಯ ಬಗೆಯ ಎಚ್ಚರವನ್ನು ಕೇಳುತ್ತದೆ. ಗರಡಿಯ ಪಂಚಾಂಗಕ್ಕೆ ಇದು ಹೊಸ ತಿಥಿ.

ಇದಕ್ಕೆ ದಾವಣಗೆರೆಯ ಜಾತ್ರೆಯೇ ಒಳ್ಳೆಯ ಉದಾಹರಣೆ. ದುರ್ಗಾಂಬಿಕೆಯ ಜಾತ್ರೆ ಬರುವುದು ಫೆಬ್ರವರಿ, ಮಾರ್ಚ್‌ನ ಹೊತ್ತಿಗೆ. ಸುಗ್ಗಿ ಮುಗಿಸಿದ ರೈತನಿಗೆ ಇದಕ್ಕಿಂತ ಪ್ರಶಸ್ತ ಕಾಲವಿಲ್ಲ. ಎಸ್ಸೆಸ್ಸೆಲ್ಸಿ ಹುಡುಗನಿಗೆ ಇದಕ್ಕಿಂತ ಕೆಟ್ಟ ಕಾಲವಿಲ್ಲ. 2022ರಲ್ಲೂ 2024ರಲ್ಲೂ ಮಾರ್ಚ್ ನಡುವೆ ಜಾತ್ರೆ, ತಿಂಗಳ ಕೊನೆಯ ವಾರದಲ್ಲಿ ಪರೀಕ್ಷೆ. ಊರಿನವರೆದುರು ಒಮ್ಮೆ ಮಣ್ಣಿಗಿಳಿಯಲು ಎರಡು ವರ್ಷ ಕಾದವನಿಗೆ ತಂದೆ ತಾಯಿ ಏನು ಹೇಳಬೇಕು? ಬೆಳ್ಳಿ ಗದೆಯೋ ಬೆಳ್ಳಿ ಕಡಗವೋ ಗೆದ್ದವನ ಮೆರವಣಿಗೆ ಹೊರಡುವಾಗ ಜೊತೆಗೆ ಕುಣಿಯುವ ಮಂದಿ, ಮೇ ತಿಂಗಳಿನಲ್ಲಿ ಫಲಿತಾಂಶ ಬಂದಾಗ ಅವನ ಮನೆಯ ಕಡೆ ಬರುವುದಿಲ್ಲ.

ಓದು ಬೇಡ, ಕುಸ್ತಿಯಲ್ಲೇ ಮುಂದೆ ಬರಲಿ ಎನ್ನುವ ಪಾಲಕರ ಲೆಕ್ಕವೂ ಪೂರಾ ತಪ್ಪಲ್ಲ. ಪೊಲೀಸ್, ಸೈನ್ಯ, ರೈಲ್ವೆಗಳಲ್ಲಿ ಕ್ರೀಡಾಪಟುಗಳಿಗೆ ಕೆಲಸ ಸಿಗುವುದುಂಟು. ಬಾಗಲಕೋಟೆ ಜಿಲ್ಲೆಯ ಹಲಕುರ್ಕಿಯಿಂದ ಬಂದ ಅರ್ಜುನ ಹಲಕುರ್ಕಿ 2020ರ ಏಷ್ಯನ್ ಚಾಂಪಿಯನ್‌ಷಿಪ್‌ನ 55 ಕೆ.ಜಿ. ಗ್ರೀಕೊ ರೋಮನ್ ವಿಭಾಗದಲ್ಲಿ ಕಂಚು ಗೆದ್ದಾಗ ಉತ್ತರ ಕರ್ನಾಟಕದ ಎಷ್ಟೋ ಮನೆಗಳಲ್ಲಿ ಈ ಆಸೆ ಚಿಗುರಿರಬೇಕು. ಆದರೆ ಆ ಕೆಲಸಗಳಿಗೂ ಕನಿಷ್ಠ ವಿದ್ಯಾರ್ಹತೆ ಕೇಳುತ್ತಾರೆ. ಭುಜ ಕಳಚಿದವನಿಗೂ ಮಂಡಿ ಹೋದವನಿಗೂ ಕೊನೆಗೆ ಉಳಿಯುವುದು ಅಂಕಪಟ್ಟಿಯೇ. ಹಿಂದೆ ಇಂಥವನನ್ನು ಹತ್ತಿ ಗಿರಣಿಯೋ ಹರಿಹರದ ಕಾರ್ಖಾನೆಯೋ ಒಳಗೆ ಕರೆದುಕೊಳ್ಳುತ್ತಿತ್ತು. ಗಿರಣಿಗಳಲ್ಲಿ ಹೆಚ್ಚಿನವು ಕಳೆದ ಶತಮಾನ ಮುಗಿಯುವುದರೊಳಗೆ ನಿಂತವು. ಕಿರ್ಲೋಸ್ಕರ್ ಕಾರ್ಖಾನೆಯೂ ಅದರ ಹಿಂದೆಯೇ ಬಾಗಿಲು ಹಾಕಿತು. ಗರಡಿಯ ಹೊರಗಿನ ಬದುಕು ಕಿರಿದಾದಷ್ಟೂ ಗರಡಿಯೊಳಗಿನ ಪಣ ದೊಡ್ಡದಾಗುತ್ತದೆ.

ಈಚಿನ ಒಂದು ಬೆಳವಣಿಗೆ ಹಳೆಯ ವಸ್ತಾದರನ್ನು ಬೆರಗುಗೊಳಿಸೀತು. ಹೆಣ್ಣುಮಕ್ಕಳ ನೆರಳೂ ಬೀಳಬಾರದೆಂದು ಗರಡಿ ಕಾಯುತ್ತಿದ್ದ ನಾಡಿನಲ್ಲಿ ಹಳಿಯಾಳ, ಗದಗದ ಹುಡುಗಿಯರು ಮ್ಯಾಟ್ ಮೇಲೆ ಪಟ್ಟು ಹಾಕುತ್ತಿದ್ದಾರೆ. ಅವರ ಹಗಲಿನ ಲೆಕ್ಕ ಇನ್ನೂ ಬಿಗಿ. ಅಣ್ಣ ಅಭ್ಯಾಸದಿಂದ ಬಂದರೆ ಊಟಕ್ಕೆ ಕೂರುತ್ತಾನೆ, ತಂಗಿ ಬಂದರೆ ಪಾತ್ರೆ ಕಾದಿರುತ್ತದೆ.

ತ್ರಿಪುರಾದ ದೀಪಾ ಕರ್ಮಾಕರ್ 2016ರ ಆಗಸ್ಟ್ 14ರಂದು ರಿಯೊ ಒಲಿಂಪಿಕ್‌ನ ವಾಲ್ಟ್ ಫೈನಲ್‌ನಲ್ಲಿ 15.066 ಅಂಕ ಪಡೆದು ನಾಲ್ಕನೆಯ ಸ್ಥಾನಕ್ಕೆ ಬಂದರು. ಕಂಚು ತಪ್ಪಿದ್ದು 0.15 ಅಂಕದಲ್ಲಿ. ಜಿಮ್ನಾಸ್ಟಿಕ್ಸ್‌ನಲ್ಲಿ ಭಾರತದ ಮಹಿಳೆಯೊಬ್ಬರು ಒಲಿಂಪಿಕ್ ತಲುಪಿದ್ದೇ ಅದು ಮೊದಲು. ದೇಶವೆಲ್ಲ ಅದನ್ನೇ ಮಾತಾಡುತ್ತಿದ್ದಾಗ, ಊರಿಗೆ ಮರಳಿದ ಬೆನ್ನಿಗೇ ಅವರು ರಾಜ್ಯಶಾಸ್ತ್ರದ ಎಂ.ಎ. ಪರೀಕ್ಷೆಗೆ ಹೋಗಿ ಕುಳಿತರು. ಪುಸ್ತಕಗಳನ್ನು ರಿಯೊಗೇ ಕೊಂಡೊಯ್ದಿದ್ದರು.